ಸರ್ಟಿಫಿಕೇಟ್ ಅಲ್ಲ, ಮೊದಲು ಪಿನ್ ತೋರಿಸಿ

ಬೆಂಗಳೂರಿನ ಎಕ್ಸಿಬಿಷನ್‌ಗಳಲ್ಲಿ ಜಾಯಿಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್ ಹಾಕ್ತಾರಲ್ವಾ, ಅವನ್ನ ತಪಾಸಣೆ ಮಾಡೋದು ನನ್ನ ಕೆಲಸ. ಆಯೋಜಕರಿಗೆ ಅನುಮತಿಯ ಫೈಲ್‌ಗೆ ಇಂಜಿನಿಯರ್ ಸಹಿ ಬೇಕು, ಅದಕ್ಕೇ ಕರೆಸುತ್ತಾರೆ. ಕೆಲವರಿಗೆ ಸಹಿ ಮಾತ್ರ ಸಾಕು, ಸುಳ್ಳೇಕೆ ಹೇಳಲಿ.

ಮೈದಾನಕ್ಕೆ ಹೋದ ಕೂಡಲೇ ಆಟದ ಮಾಲೀಕರು ಹಿಂದಿನ ಊರಿನ ಸರ್ಟಿಫಿಕೇಟ್ ಹಿಡಿದು ಬರ್ತಾರೆ. ಅಲ್ಲಿ ಬಿಚ್ಚಿ, ಲಾರಿಗೆ ಹೇರಿ, ಇಲ್ಲಿ ರಾತ್ರೋರಾತ್ರಿ ಜೋಡಿಸಿದ ಆಟಕ್ಕೆ ಆ ಕಾಗದದಿಂದ ಏನು ಬಂತು? ಇಂಥ ಆಟಗಳ ಸುರಕ್ಷತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17842ರ ಮೂರನೇ ಭಾಗ ಇಡೀ ತಪಾಸಣೆ ಬಗ್ಗೆಯೇ ಇದೆ, ಆದರೆ ಅದನ್ನ ಅವರ ಮುಂದೆ ಓದಿದರೆ ಆಕಳಿಸುತ್ತಾರೆ. ನಾನು ಸುಮ್ನೆ ಟಾರ್ಚ್ ಹಿಡಿದು ತೊಟ್ಟಿಲುಗಳ ಹತ್ತಿರ ಹೋಗ್ತೀನಿ.

ತೊಟ್ಟಿಲು ನೇತಾಡುವ ಪಿನ್‌ನ ತುದಿಯಲ್ಲಿ ಅದು ಜಾರಿ ಹೊರಬರದಂತೆ ತಡೆಯೋ ಚಿಕ್ಕ ಸ್ಪ್ಲಿಟ್ ಪಿನ್ ಇರಬೇಕು. ಬಹಳ ಕಡೆ ಅದರ ಜಾಗದಲ್ಲಿ ಬಗ್ಗಿಸಿದ ಮೊಳೆ, ಇಲ್ಲಾಂದ್ರೆ ಸೆಂಟ್ರಿಂಗ್‌ನವರು ಬಳಸುವ ಬೈಂಡಿಂಗ್ ವೈರ್. "ಸಾರ್, ಇಷ್ಟು ವರ್ಷದಿಂದ ಹಿಂಗೇ ಓಡ್ತಿದೆ" ಅಂತಾರೆ. ಹೌದಪ್ಪ, ಬೀಳೋ ದಿನದವರೆಗೂ ಓಡುತ್ತೆ. ಬೋಲ್ಟ್‌ಗಳನ್ನ ನನ್ನೆದುರೇ ಬಿಗಿ ಮಾಡಿಸಿ, ನಟ್‌ನಿಂದ ಪ್ಲೇಟ್‌ವರೆಗೂ ಹಳದಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಸುತ್ತೇನೆ. ನಾಳೆ ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಅಂತ ಅರ್ಥ, ಆಪರೇಟರ್ ಹುಡುಗನಿಗೂ ತಕ್ಷಣ ಗೊತ್ತಾಗುತ್ತೆ. ಮಳೆ ಬಂದ ಮಾರನೇ ದಿನ ಕಂಬದ ಕೆಳಗಿನ ಮರದ ದಿಮ್ಮಿ ಒಂದು ಕಡೆ ಹೂತಿದೆಯಾ ಅಂತ ನೋಡಲೇಬೇಕು, ನಮ್ಮೂರ ಸಂಜೆ ಮಳೆ ಗೊತ್ತಲ್ಲ.

ಹೇಳಿದ್ದು ಆಗದಿದ್ದರೆ? ಆಯೋಜಕರ ಜೊತೆ ಮೊದಲೇ ಬರೆದುಕೊಂಡಿರ್ತೀನಿ: ಮೇನ್ ಸ್ವಿಚ್ ಪೆಟ್ಟಿಗೆಗೆ ನನ್ನ ಬೀಗ, ಕೀ ನನ್ನ ಜೇಬಲ್ಲಿ. ನೋಟಿಸ್‌ಗಿಂತ ಇದು ಬೇಗ ಕೆಲಸ ಮಾಡುತ್ತೆ, ಯಾಕಂದ್ರೆ ಶನಿವಾರ ಸಂಜೆ ಆಟ ನಿಂತರೆ ಮಾಲೀಕರಿಗೆ ನೋವಾಗೋದು ಅಲ್ಲೇ. ಬೈದಿದ್ದಾರೆ, ಮೇಲಿನವರಿಂದ ಫೋನ್ ಮಾಡಿಸಿದ್ದಾರೆ. ಮಾಡಿಸಲಿ.

ಆಪರೇಟರ್ ಹುಡುಗರ ಹತ್ತಿರ ದಬಾಯಿಸಿದರೆ ಪ್ರಯೋಜನ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಮೊಹಾಲಿಯ ಮೇಳದಲ್ಲಿ ಡ್ರಾಪ್ ಟವರ್, ಅಂದ್ರೆ ಜನರನ್ನ ಮೇಲಕ್ಕೆತ್ತಿ ಕೆಳಗಿಳಿಸೋ ಆಟ, ಮೇಲಿಂದ ಧಡ್ ಅಂತ ನೆಲಕ್ಕೆ ಬಡಿದ ವಿಡಿಯೋ ಇದೆಯಲ್ಲ, ಅದನ್ನ ಮೊಬೈಲ್‌ನಲ್ಲಿ ತೋರಿಸ್ತೀನಿ. ಆಮೇಲೆ ಅವರೇ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ.

ಭಾನುವಾರ ರಶ್ ಇರುವಾಗ ಹೇಳದೆ ಹೋಗಿ, ಟಿಕೆಟ್ ತಗೊಂಡು ಕೂರ್ತೀನಿ. ಸೀಟಿನ ಮುಂದಿನ ಕಂಬಿ ಲಾಕ್ ಆಗಿದೆಯಾ ಅಂತ ಯಾರಾದರೂ ಎಳೆದು ನೋಡಿದರಾ? ಎದುರುಬದುರು ತೊಟ್ಟಿಲಲ್ಲಿ ತೂಕ ಸಮ ಮಾಡಿ ಜನ ಕೂರಿಸಿದರಾ? ಎತ್ತರದ ಗೆರೆಗಿಂತ ಚಿಕ್ಕ ಮಗುವನ್ನ "ಅಪ್ಪ ಜೊತೆಗಿದ್ದಾರೆ, ಪರವಾಗಿಲ್ಲ" ಅಂತ ಹತ್ತಿಸಿದರಾ? ತಪ್ಪು ಕಂಡರೆ ಹುಡುಗನನ್ನಲ್ಲ, ಮಾಲೀಕರನ್ನ ಕೇಳ್ತೀನಿ. ಹುಡುಗರಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಯಾರು ತಾನೇ ಕಂಬಿ ಎಳೆದು ನೋಡ್ತಾರೆ? ಈಗ ದಿನಗೂಲಿ ಕೊಡ್ತೀವಿ ಅಂತ ಬರೆದುಕೊಟ್ಟರೇನೇ ನಾನು ಸಹಿ ಹಾಕೋದು.