ತೂಕದ ಹೊತ್ತಿನ ಪ್ರಾರ್ಥನೆ

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಆಳುಗಳ ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ, ಕುಯ್ಲಿನ ದಿನಗಳಲ್ಲಿ ಸಂಜೆ ತೂಕ, ಶನಿವಾರ ಬಟವಾಡೆ. ಹುಟ್ಟಿದ್ದು ಕಥೋಲಿಕ ಮನೆಯಲ್ಲಿ. ಉಪದೇಶಿಯಲ್ಲ, ಸೆಮಿನರಿ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೂ ನಮ್ಮ ಚರ್ಚಿನ ಹುಡುಗರು ಆಗಾಗ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ದೇವರು ನಮ್ಮನ್ನ ಪ್ರೀತಿಸ್ತಾರೆ ಅಂತ ಪ್ರತಿ ಭಾನುವಾರ ಕೇಳ್ತೀವಿ. ಅದನ್ನ ನಂಬೋದು ಹೇಗೆ ಅಂಕಲ್?"

ನಂಬೋದು ಹೇಗೆ ಅಂತ ಹೇಳಿಕೊಡಲು ನನಗೆ ಬರುವುದಿಲ್ಲ. ನಾನು ಏನು ಮಾಡಿದೆ, ಏನು ಬಿಟ್ಟೆ ಅಂತ ಬೇಕಾದರೆ ಹೇಳಬಹುದು.

ನಮ್ಮ ಮನೆಯಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ. ಸಂಜೆಯಾದರೆ ಜಪಸರ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ, ಶುಕ್ರವಾರ ಮಾಂಸ ಇಲ್ಲ. ಅಜ್ಜಿ ಮುಂದೆ ಕೂತು ಹೇಳಿಕೊಡುತ್ತಿದ್ದರು, ನಾವು ತೂಕಡಿಸುತ್ತಾ ಹೇಳುತ್ತಿದ್ದೆವು. ಆ ಭಕ್ತಿಯ ಜೊತೆಗೇ ಒಂದು ಹೆದರಿಕೆಯೂ ಇತ್ತು. ಜಪಸರ ತಪ್ಪಿದ ವಾರ ಹಸು ಹಾಲು ಕಡಿಮೆ ಕೊಟ್ಟರೆ ಅಜ್ಜಿ ಎರಡನ್ನೂ ಜೋಡಿಸಿಬಿಡುತ್ತಿದ್ದರು. ಪರೀಕ್ಷೆ ಪಾಸಾದರೆ ಪ್ರಾರ್ಥನೆ ಸಾಕಾಗಿದೆ, ಫೇಲಾದರೆ ಸಾಕಾಗಿಲ್ಲ. ಯಾರೂ ಬಾಯಿಬಿಟ್ಟು ಹೀಗೆ ಹೇಳಲಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿದ್ದು ಇಷ್ಟು: ದೇವರ ಪ್ರೀತಿ ಕಿಲೋ ಲೆಕ್ಕದ್ದು. ಎಷ್ಟು ಕುಯ್ದರೆ ಅಷ್ಟು ಕೂಲಿ.

ಇದನ್ನು ಅಲ್ಲಾಡಿಸಿದ್ದು ಬೈಬಲ್ಲಿನಲ್ಲಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ. ದ್ರಾಕ್ಷಿತೋಟದ ಆಳುಗಳ ಕಥೆ ನಿಮಗೆ ಗೊತ್ತಿರುತ್ತದೆ. ಮಾಲೀಕ ಮುಂಜಾನೆಯೇ ಹೋಗಿ, ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಅದು ಆ ಕಾಲದ ಒಂದು ದಿನದ ಕೂಲಿ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ. ಸಂಜೆ ಐದಕ್ಕೂ ಪೇಟೆಯಲ್ಲಿ ನಿಂತಿದ್ದವರನ್ನು "ನೀವೂ ಹೋಗಿ" ಅಂತ ಕಳಿಸುತ್ತಾನೆ. ಹೊತ್ತು ಇಳಿದ ಮೇಲೆ ಎಲ್ಲರಿಗೂ ಒಂದೇ ಕೂಲಿ. ಅದೂ ಕೊನೆಗೆ ಬಂದವರಿಗೆ ಮೊದಲು.

ಚಿಕ್ಕಂದಿನಿಂದ ಈ ಕಥೆ ಎಷ್ಟೋ ಸಲ ಕೇಳಿದ್ದೆ. ರೈಟರ್ ಕೆಲಸಕ್ಕೆ ಸೇರಿದ ಮೇಲೆ ಕೇಳಿದಾಗ ಮಾತ್ರ ಮೈ ಉರಿಯಿತು. ಯಾಕೆಂದರೆ ಅದರಲ್ಲಿ ನನ್ನ ಕೆಲಸದವನೂ ಒಬ್ಬ ಇದ್ದಾನೆ. ಮಾಲೀಕ ತಾನೇ ದುಡ್ಡು ಎಣಿಸಿ ಕೊಡುವುದಿಲ್ಲ. ತನ್ನ ಪಾರುಪತ್ಯಗಾರನನ್ನು ಕರೆದು, ಕೊನೆಯವರಿಂದ ಶುರು ಮಾಡು ಅನ್ನುತ್ತಾನೆ. ಆ ಪಾರುಪತ್ಯಗಾರನಿಗೆ ಏನನ್ನಿಸಿತು ಅಂತ ಮತ್ತಾಯ ಬರೆದಿಲ್ಲ. ನಾನು ಹೇಳಬಲ್ಲೆ! ಶನಿವಾರ ನಾನು ಹೀಗೆ ಬಟವಾಡೆ ಮಾಡಿದರೆ ಸೋಮವಾರ ಬೆಳಿಗ್ಗೆ ಹಾಜರಿಗೆ ಒಬ್ಬರೂ ಬರುವುದಿಲ್ಲ. ಬಂದರೆ ಸಂಜೆ ಐದಕ್ಕೆ ಬರುತ್ತಾರೆ. ದಿನವಿಡೀ ಬಿಸಿಲಲ್ಲಿ ಬೆಂದವರು ಗೊಣಗಿದ್ದರಲ್ಲಿ ತಪ್ಪೇನಿದೆ ಅಂತ ನಾನು ಚರ್ಚಿನ ಗುರುಗಳ ಹತ್ತಿರ ವಾದವನ್ನೂ ಮಾಡಿದ್ದೆ. ಅವರು ನಕ್ಕು, "ನೀನು ಯಾವ ಸಾಲಲ್ಲಿ ನಿಂತು ಓದ್ತಿದ್ದೀಯ ನೋಡ್ಕೊ" ಅಂದರು. ಆ ಹೊತ್ತಿಗೆ ಅದು ಜಾರಿಕೊಳ್ಳುವ ಮಾತು ಅನ್ನಿಸಿತು.

ಕುಯ್ಲಿಗೆ ಬರುವವರಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ಹೆಂಡತಿ ಜೋಡಿಯಾಗಿ ಕುಯ್ಯುವವರು ಒಳ್ಳೆ ಹಣ್ಣಿರುವ ಪಟ್ಟೆಯಲ್ಲಿ ದಿನಕ್ಕೆ ನೂರು ಕಿಲೋ ದಾಟಿಸುತ್ತಾರೆ. ಈ ಅಜ್ಜಿಗೆ ಮೂವತ್ತಾದರೆ ಹೆಚ್ಚು. ಎತ್ತರದ ಕೊಂಬೆ ಬಗ್ಗಿಸಲು ಆಗುತ್ತಿರಲಿಲ್ಲ. ತೂಕದ ಹೊತ್ತಿಗೆ ಎಲ್ಲರೂ ಮುಳ್ಳು ಎಲ್ಲಿಗೆ ನಿಂತಿತು ಅಂತ ಕತ್ತು ಚಾಚಿ ನೋಡುತ್ತಾರೆ. ಅವರು ನೋಡುತ್ತಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ರೈಟ್ರೇ, ಇದಕ್ಕೆ ಅಕ್ಕಿ ಬರುತ್ತಾ?" ಅಂತ ಕೇಳುತ್ತಿದ್ದರು. ಎಷ್ಟು ಕಿಲೋ ಅಂತ ಕೇಳಿದ್ದೇ ಇಲ್ಲ.

ಒಂದು ಸಂಜೆ ಆ ಮಾತು ಕೇಳಿದಾಗ ಮತ್ತಾಯನ ಕಥೆ ನನಗೆ ಬಿಡಿಸಿಕೊಂಡಿತು. ಒಂದು ನಾಣ್ಯ ಅಂದರೆ ಒಂದು ಮನೆಯ ಒಂದು ದಿನದ ಊಟ. ಐದು ಗಂಟೆಗೆ ಬಂದವನ ಮನೆಯಲ್ಲೂ ಒಲೆ ಒಂದೇ, ಬಾಯಿ ಅಷ್ಟೇ. ಅವರು ಸೋಮಾರಿಗಳೂ ಅಲ್ಲ. ಯಾಕೆ ಸುಮ್ನೆ ನಿಂತಿದ್ದೀರಿ ಅಂದಾಗ, ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು, ಬಡವ ಅದನ್ನೇ ನೆಚ್ಚಿಕೊಂಡಿರುತ್ತಾನೆ ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ. ಮಾಲೀಕ ತೂಗಿದ್ದು ಕೆಲಸವನ್ನಲ್ಲ, ಮನೆಯ ಹಸಿವನ್ನು. ನನ್ನ ತಲೆಯೊಳಗಿದ್ದ ದೇವರು ಹೀಗಿರಲಿಲ್ಲ. ಅವರ ಕೈಯಲ್ಲಿ ಯಾವಾಗಲೂ ತಕ್ಕಡಿ ಇತ್ತು.

ಕೂಲಿ ತೂಕಕ್ಕಲ್ಲ ಅಂದಮೇಲೆ ಚೀಲದ ತಳಕ್ಕೆ ಕಲ್ಲು ಹಾಕುವ ಅಗತ್ಯ ಇಲ್ಲ, ಅಲ್ವಾ? ನನ್ನ ಪ್ರಾರ್ಥನೆಯಲ್ಲಿ ಅಂಥ ಕಲ್ಲು ಬೇಕಾದಷ್ಟಿದ್ದವು. ಸಿಟ್ಟು ಬಂದಿದ್ದರೂ "ನಿಮ್ಮ ಚಿತ್ತ" ಅನ್ನುವುದು. ಮನಸ್ಸಿನಲ್ಲಿ ಸಾಲದ ಕಂತು ಓಡುತ್ತಿದ್ದರೂ ಲೋಕದ ಶಾಂತಿಗಾಗಿ ಬೇಡುವುದು. ಮೊದಲು ಮಾಡಿದ್ದು ಅಂದರೆ ಇವನ್ನು ತೆಗೆದುಹಾಕಿದ್ದು. ಏನಿದೆಯೋ ಅದನ್ನು ಹೇಳುವುದು. ಏನೂ ಇಲ್ಲದಿದ್ದರೆ ಏನೂ ಇಲ್ಲ ಅನ್ನುವುದು.

ಹೇಳಿದಷ್ಟು ಸುಲಭ ಅಲ್ಲ. ನನಗೆ ಅದು ನಿಜವಾಗಿ ಬಂದಿದ್ದು 2018ರ ಆಗಸ್ಟ್‌ನಲ್ಲಿ. ಆ ಮಳೆಯನ್ನು ಮಲೆನಾಡಿನವರು ಮರೆಯುವುದಿಲ್ಲ. ಶಿರಾಡಿ ಘಾಟಿ ಮುಚ್ಚಿತು. ಸಕಲೇಶಪುರ, ಸುಬ್ರಹ್ಮಣ್ಯದ ನಡುವೆ ರೈಲು ಹಳಿಯ ಮೇಲೆ ಗುಡ್ಡ ಕುಸಿಯಿತು. ತೋಟದಲ್ಲಿ ಕೊಳೆ ರೋಗ ಹತ್ತಿ ಕಾಯಿ ಉದುರಿ ನೆಲವೆಲ್ಲ ಕಪ್ಪಾಗಿತ್ತು. ಕೆಲಸ ನಿಂತಿತು, ಕೂಲಿಯೂ ನಿಂತಿತು. ನಮ್ಮ ಲೈನ್ ಮನೆಗಳ ಹಿಂದಿನ ಗುಡ್ಡದ ಬರೆ ಯಾವಾಗ ಇಳಿಯುತ್ತದೋ ಅಂತ ರಾತ್ರಿ ಯಾರೂ ಮಲಗುತ್ತಿರಲಿಲ್ಲ. ಆ ರಾತ್ರಿಗಳಲ್ಲಿ ಜಪಸರ ಕೈಯಲ್ಲಿದ್ದರೂ ಮಣಿ ಮುಂದೆ ಹೋಗುತ್ತಿರಲಿಲ್ಲ. ನನ್ನ ಬಾಯಿಗೆ ಬಂದಿದ್ದು ಬೈಬಲ್ಲಿನ 13ನೇ ಕೀರ್ತನೆ. ಮೊದಲೆರಡು ವಚನಗಳಲ್ಲೇ ನಾಲ್ಕು ಸಲ "ಎಷ್ಟರ ತನಕ" ಅಂತ ಕೇಳುತ್ತಾನೆ ಆ ಭಕ್ತ. ನನ್ನನ್ನು ಮರೆತೇಬಿಟ್ಟೆಯಾ ಅನ್ನುತ್ತಾನೆ. ದೇವರಿಗೆ ಹೀಗೆ ಹೇಳಬಹುದು ಅಂತ ನಮ್ಮಜ್ಜಿ ಕಲಿಸಿರಲಿಲ್ಲ.

ಆಮೇಲೆ ಹುಡುಕುತ್ತಾ ಹೋದೆ. 150 ಕೀರ್ತನೆಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇಂಥ ಗೋಳೇ. ಬಹುಪಾಲು ಕೊನೆಗೆ ಎಲ್ಲೋ ಒಂದು ಕಡೆ ಸಮಾಧಾನಕ್ಕೆ ಬರುತ್ತವೆ. 88ನೆಯದು ಬರುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತಿದ್ದಿ, ಕೊನೆಗೊಂದು ಒಳ್ಳೆ ಸಾಲು ಸೇರಿಸಿ ಇಟ್ಟಿಲ್ಲ ನೋಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿಯೂ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಅಂತಲೇ ಮೊದಲು ಕೇಳಿಕೊಂಡರು. "ನಿಮ್ಮ ಚಿತ್ತ" ಬಂದಿದ್ದು ಅದಾದ ಮೇಲೆ. ನಾವು ಮೊದಲನೆಯದನ್ನು ನುಂಗಿ ಎರಡನೆಯದಕ್ಕೆ ಹಾರುತ್ತೇವೆ.

ಇಲ್ಲಿ ಶೆಟ್ಟಿಹಳ್ಳಿ ಚರ್ಚಿನ ಮಾತು ಬರುತ್ತದೆ. ಹಾಸನದಿಂದ ದೂರವಿಲ್ಲ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಅದರ ಫೋಟೋ ಹಾಕಿ "ಪ್ರವಾಹ ಬಂದರೂ ವಿಶ್ವಾಸ ಅಲುಗದು" ಅಂತ ಬರೆದು ಕಳಿಸುವವರು ನನ್ನ ಫೋನಿನಲ್ಲಿ ಬಹಳ ಜನ ಇದ್ದಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಆ ಚರ್ಚಿನ ಛಾವಣಿ ಎಂದೋ ಹೋಗಿದೆ. ಗೋಡೆಗಳೂ ವರ್ಷ ವರ್ಷ ಸವೆಯುತ್ತಿವೆ. ನೀರು ಬಂದಾಗ ಊರಿನವರು ಎದ್ದು ಬೇರೆ ಕಡೆ ಹೋಗಿ ಮನೆ ಕಟ್ಟಿಕೊಂಡರು, ಪೂಜೆ ಮುಂದುವರಿಸಿದರು. ನನಗೆ ಬೇಕಾದ ಕಥೆ ಆ ಜನರದ್ದು, ಗೋಡೆಯದ್ದಲ್ಲ. ನೀರನ್ನು ಹಾದುಹೋಗುವಾಗ ನಿನ್ನ ಸಂಗಡ ಇರುತ್ತೇನೆ ಅಂತ ಯೆಶಾಯನ ಗ್ರಂಥದಲ್ಲಿ ದೇವರು ಹೇಳುತ್ತಾರೆ. ನೀರು ಬರುವುದೇ ಇಲ್ಲ ಅಂತ ಎಲ್ಲೂ ಹೇಳಿಲ್ಲ.

ರಾತ್ರಿ ತೂಕದ ಪುಸ್ತಕ ಕೂಡಿಸಿ ಮುಗಿಸಿದ ಮೇಲೆ ಕಾಲು ಗಂಟೆ ಅಲ್ಲೇ ಕೂರುವುದು ಈಗ ಅಭ್ಯಾಸ ಆಗಿದೆ. ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಕಲಿಸಿದ ಆತ್ಮಶೋಧನೆ ಅದು. ಇಡೀ ದಿನವನ್ನು ದೇವರ ಮುಂದೆ ಹಿಂದಕ್ಕೆ ಓದುವುದು. ನಾನು ಅಂದುಕೊಂಡಿದ್ದು ಪಾಪದ ಪಟ್ಟಿಯಿಂದ ಶುರು ಮಾಡಬೇಕು ಅಂತ. ಅವರು ಮೊದಲು ಇಟ್ಟಿದ್ದು ಕೃತಜ್ಞತೆ. ಸಿಕ್ಕಿದ್ದನ್ನು ಮೊದಲು ಬರೆದುಕೊಂಡ ಮೇಲೆ, ತಪ್ಪಿದ್ದನ್ನು ಒಪ್ಪಿಕೊಳ್ಳಲು ಅಷ್ಟು ಹೆದರಿಕೆ ಆಗುವುದಿಲ್ಲ. ಕುಯ್ಲಿನ ದಿನಗಳಲ್ಲಿ ಎಷ್ಟೋ ಸಲ ಅರ್ಧದಲ್ಲೇ ನಿದ್ದೆ ಹೋಗುತ್ತೇನೆ. ಅದಕ್ಕೂ ಈಗ ತಲೆಕೆಡಿಸಿಕೊಳ್ಳುವುದಿಲ್ಲ. ಫ್ರಾನ್ಸಿನ ಸನ್ಯಾಸಿನಿ, ಲಿಸ್ಯೂದ ಸಂತ ತೆರೇಸಾ ಕೂಡ ಪ್ರಾರ್ಥನೆಯಲ್ಲಿ ನಿದ್ದೆ ಮಾಡುತ್ತಿದ್ದರಂತೆ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಪ್ರೀತಿ ಒಂದೇ ಅಂತ ಬರೆದುಕೊಂಡಿದ್ದಾರೆ. 24ನೇ ವಯಸ್ಸಿಗೆ ತೀರಿಕೊಂಡ ಆ ಹುಡುಗಿಯನ್ನು 1997ರಲ್ಲಿ ಧರ್ಮಸಭೆ ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಪ್ರಾರ್ಥನೆಯಲ್ಲಿ ನೇರವಾಗಿ ಮಾತಾಡಲು ಶುರು ಮಾಡಿದರೆ ಒಂದು ತೊಂದರೆ ಇದೆ. ಅದು ಅಲ್ಲಿಗೇ ನಿಲ್ಲುವುದಿಲ್ಲ, ತಕ್ಕಡಿಯ ತನಕ ಬರುತ್ತದೆ.

ನಾನು ಮೊದಲು ಕೆಲಸ ಮಾಡಿದ ಒಂದು ತೋಟದಲ್ಲಿ ಪ್ರತಿ ಚೀಲಕ್ಕೆ ಎರಡು ಕಿಲೋ ಮುರಿದುಕೊಳ್ಳುವ ರೂಢಿ ಇತ್ತು. ಚೀಲದ ತೂಕ, ಇಬ್ಬನಿಯ ತೂಕ ಅಂತ ನೆಪ. ಮೂವತ್ತು ಕಿಲೋ ಕುಯ್ಯುವ ಅಜ್ಜಿಗೂ ಎರಡು ಕಿಲೋ. ಮೋಸದ ತಕ್ಕಡಿ ದೇವರಿಗೆ ಹೇಸಿಗೆ ಅಂತ ಜ್ಞಾನೋಕ್ತಿಯಲ್ಲಿ ಓದಿ ಸಂಜೆ ತೂಕಕ್ಕೆ ನಿಲ್ಲುವುದು ನನಗೆ ಕಷ್ಟವಾಯಿತು. ಒಂದು ದಿನ ಖಾಲಿ ಚೀಲವನ್ನೇ ನೀರಲ್ಲಿ ನೆನೆಸಿ, ಹಿಂಡಿ, ಕೊಕ್ಕೆಗೆ ಹಾಕಿ ಮೇಸ್ತ್ರಿಯ ಮುಂದೆ ತೂಗಿದೆ. ಒಂದು ಕಿಲೋ ಮುಟ್ಟಲಿಲ್ಲ. ಅದನ್ನೇ ಹೋಗಿ ಧಣಿಗಳಿಗೆ ಹೇಳಿದೆ.

"ನೀನು ತೋಟದ ರೈಟರೋ, ಕೂಲಿಯವರ ರೈಟರೋ?" ಅಂದರು.

"ತೋಟದ ರೈಟರೇ. ಅದಕ್ಕೇ ಬಂದು ಹೇಳ್ತಾ ಇದ್ದೀನಿ" ಅಂದೆ.

ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಮಗಳ ಹಾಸ್ಟೆಲ್ ಫೀಸು ಕಟ್ಟುವ ತಿಂಗಳು ಅದು. ಪೂರ್ಣ ಪ್ರೀತಿ ಹೆದರಿಕೆಯನ್ನು ಓಡಿಸುತ್ತದೆ ಅಂತ ಸಂತ ಯೊವಾನ್ನರ ಪತ್ರದಲ್ಲಿದೆ. ನನ್ನ ಹೆದರಿಕೆ ಓಡಿಹೋಗಲಿಲ್ಲ, ಪಕ್ಕದಲ್ಲೇ ನಿಂತಿತ್ತು. ಆದರೆ ಮಾತಾಡಲು ಬಿಟ್ಟಿತು. ಕೆಲಸ ಹೋದರೂ ದೇವರು ನನ್ನನ್ನು ಬಿಡುವುದಿಲ್ಲ ಅನ್ನುವುದೊಂದೇ ನನ್ನ ಹತ್ತಿರ ಇದ್ದದ್ದು. ಫೀಸು ಯಾರು ಕಟ್ಟುತ್ತಾರೆ ಅನ್ನುವುದಕ್ಕೆ ಉತ್ತರ ಇರಲಿಲ್ಲ.

ಧಣಿಗಳು ವಾರ ಬಿಟ್ಟು ಒಪ್ಪಿದರು. ಒಂದು ಷರತ್ತು ಹಾಕಿದರು. ಚೀಲವನ್ನು ಟಾರ್ಪಾಲಿನ ಮೇಲೆ ಸುರಿದು, ಹಸಿರು ಕಾಯಿ, ಸೊಪ್ಪು, ಕಲ್ಲು ಎಲ್ಲ ಆರಿಸಿದ ಮೇಲೆಯೇ ತೂಕ. ನ್ಯಾಯವಾಗಿಯೇ ಇತ್ತು, ನಾನೂ ಹೂಂ ಅಂದೆ. ಆಮೇಲೆ ನನ್ನ ಮೇಲೆ ಸಿಟ್ಟಾದವರು ಕುಯ್ಯುವವರು. ಮೊದಲು ಎರಡು ಕಿಲೋ ಹೋಗುತ್ತಿತ್ತು, ಈಗ ಕತ್ತಲಾಗುವ ತನಕ ಆರಿಸುತ್ತಾ ಕೂರಬೇಕು ಅಂತ. ಚೀಲದ ತಳದಲ್ಲಿ ಕೆಲವರು ಏನೇನು ಇಟ್ಟಿರುತ್ತಿದ್ದರು ಅನ್ನುವುದೂ ಎಲ್ಲರ ಮುಂದೆ ಹೊರಗೆ ಬಿತ್ತು. ಒಂದು ಕುಯ್ಲು ಪೂರ್ತಿ ನನ್ನ ಜೊತೆ ಸರಿಯಾಗಿ ಮಾತಾಡದವರಿದ್ದರು.

ಇದನ್ನು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳು ಅಂತ ಒಬ್ಬರು ಕೇಳಿದ್ದರು. ಹೇಳಿದೆ. ಕೊನೆಗೆ ಏನಾಯಿತು, ಸಂಬಳ ಜಾಸ್ತಿ ಆಯಿತಾ ಅಂತ ಕೇಳಿದರು. ಇಲ್ಲ ಅಂದೆ. ಕೂಟ ಸ್ವಲ್ಪ ಸಪ್ಪಗಾಯಿತು. ನಮ್ಮಲ್ಲಿ ಸಾಕ್ಷಿ ಅಂದರೆ ಕೊನೆಗೆ ಲಾಭ ಬರಲೇಬೇಕು. ಕಾಯಿಲೆ ವಾಸಿಯಾಗಬೇಕು, ಇಲ್ಲವೇ ಸೈಟು ಸಿಗಬೇಕು. ವಾಸಿಯಾಗದವರು ಹಿಂದಿನ ಬೆಂಚಿನಲ್ಲಿ ಕೂತು ತಮ್ಮ ಪ್ರಾರ್ಥನೆಯಲ್ಲೇ ಏನೋ ಕಮ್ಮಿ ಅಂದುಕೊಂಡು ಮನೆಗೆ ಹೋಗುತ್ತಾರೆ. ಕಿಲೋ ಲೆಕ್ಕ ಮತ್ತೆ ಒಳಗೆ ಬರುವುದು ಹೀಗೆ. ಶಿಲುಬೆಯನ್ನು ಎದುರಿಗೆ ಇಟ್ಟುಕೊಂಡೇ ಈ ಲೆಕ್ಕ ಹೇಗೆ ಹಾಕುತ್ತೇವೋ ನನಗಂತೂ ಗೊತ್ತಾಗುವುದಿಲ್ಲ.

ಇನ್ನೊಂದು ಸಣ್ಣ ಅಭ್ಯಾಸ ಇದೆ, ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಾರಾದರೂ ಕಷ್ಟ ಹೇಳಿಕೊಂಡರೆ "ಪ್ರಾರ್ಥನೆ ಮಾಡ್ತೀನಿ" ಅನ್ನುತ್ತೇವೆ. ಗೇಟು ದಾಟುವುದರೊಳಗೆ ಮರೆತಿರುತ್ತೇವೆ. ನಾನು ಈಗ ಅಲ್ಲೇ ನಿಂತು ಎರಡು ಮಾತು ಬೇಡಿಕೊಂಡುಬಿಡುತ್ತೇನೆ. ಕೆಲಸದ ನಡುವೆ ಆಗದಿದ್ದರೆ ಹೆಸರು ಬರೆದುಕೊಳ್ಳುತ್ತೇನೆ. ಕೈಯಲ್ಲಿ ಯಾವಾಗಲೂ ಇರುವುದು ತೂಕದ ಪುಸ್ತಕ, ಅದರ ಕೊನೆ ಪುಟದಲ್ಲೇ ಬರೆಯುತ್ತಿದ್ದೆ. ಕುಯ್ಲು ಮುಗಿದು ಪುಸ್ತಕ ಆಫೀಸಿಗೆ ಹೋಯಿತು. ಎರಡು ದಿನ ಬಿಟ್ಟು ಲೆಕ್ಕದವರು ಫೋನ್ ಮಾಡಿದರು. "ರೈಟ್ರೇ, ಹಿಂದಿನ ಪುಟದಲ್ಲಿ ಇಷ್ಟೊಂದು ಜನರ ಹೆಸರಿದೆ. ಒಬ್ಬರದ್ದೂ ಕಿಲೋ ಬರೆದಿಲ್ವಲ್ಲ, ಇವರಿಗೆಲ್ಲ ಎಷ್ಟು ಕೊಡಬೇಕು?"

ಅವರಿಗೆ ಏನೋ ಹೇಳಿ ಸಮಾಧಾನ ಮಾಡಿದೆ. ಈಗ ಅಂಗಿ ಜೇಬಿನಲ್ಲಿ ಬೇರೆ ಪುಟ್ಟ ಪುಸ್ತಕ ಇಟ್ಟುಕೊಂಡಿದ್ದೇನೆ.