ಇಸ್ತ್ರಿಪೆಟ್ಟಿಗೆಯಿಂದ ಉಳಿದುಕೊಂಡ ಸಾಹೇಬರ ಮೇಜು

ಆರು ಅಡಿ ಉದ್ದ, ಮೂರು ಅಡಿ ಅಗಲದ ಹಳೆಯ ಕಚೇರಿ ಮೇಜು. ಕೆಳಗೆ ಬರುತ್ತಾ ಸಪೂರವಾಗುವ ಓರೆ ಕಾಲುಗಳು, ಬಲಕ್ಕೆ ಮೂರು ಡ್ರಾಯರ್, ಚೌಕಟ್ಟಿನಿಂದ ಮುಕ್ಕಾಲು ಇಂಚು ಮೇಲೆ ತೇಲುವಂತೆ ಕೂರಿಸಿದ, ತೇಗದ ವೆನಿಯರ್ (ಮರದ ತೆಳುಪದರ) ಅಂಟಿಸಿದ ಹಲಗೆ. ನಡುವಿನ ಡ್ರಾಯರಿನ ತಳಕ್ಕೆ ಹಾಸಿದ್ದ ಪತ್ರಿಕೆಯಲ್ಲಿ 1962ರ ತಾರೀಖಿತ್ತು. ದುರಸ್ತಿ ಮಾಡಿ ಮಾರಲೆಂದು ಶಿವಾಜಿನಗರದ ಗುಜರಿಯಲ್ಲಿ ಒಂಬತ್ತು ಸಾವಿರಕ್ಕೆ ಕೊಂಡೆ, ಸಾಗಿಸಲು ಇನ್ನೆರಡು ಸಾವಿರ. ನೋಡಿದ ಮೇಸ್ತ್ರಿಗಳೆಲ್ಲ ಹೇಳಿದ್ದು ಒಂದೇ ಮಾತು: ‘ಅಲ್ಲಲ್ಲಿ ಎದ್ದಿರುವ ಈ ವೆನಿಯರ್ ಕಿತ್ತು ಹೊಸದು ಹೊಡೆಯಿರಿ, ಪಿಯು (ಪಾಲಿಯುರೆಥೇನ್ ಪಾಲಿಶ್) ಸ್ಪ್ರೇ ಮಾಡಿ, ನಾಲ್ಕು ದಿನದ ಕೆಲಸ.’

ನಾನು ಒಪ್ಪಲಿಲ್ಲ. ಆ ಕಾಲದ ವೆನಿಯರಿನ ದಪ್ಪ ಇಂದಿನದಕ್ಕೆ ಎರಡರಷ್ಟಾದರೂ ಇರುತ್ತದೆ, ಆ ಬಣ್ಣವೂ ಅರವತ್ತು ವರ್ಷದ ಬೆಳಕು ತಿಂದು ಬಂದದ್ದು. ಆದರೆ ಹಿಂದಿನ ಎರಡು ಮೇಜುಗಳಲ್ಲಿ ನಾನು ಸೋತಿದ್ದೂ ನಿಜ. ಮೊದಲನೆಯದಕ್ಕೆ ಮಷಿನ್ ಸ್ಯಾಂಡರ್ ಹಿಡಿದು ಅಂಚಿನಲ್ಲಿ ವೆನಿಯರ್ ಸವೆಸಿಬಿಟ್ಟೆ, ಒಳಗಿನ ಹಲಗೆ ಕಾಣಿಸಿತು. ಹದಿನೆಂಟು ಸಾವಿರ ಮುಳುಗಿತು. ಎರಡನೆಯದರಲ್ಲಿ ಎದ್ದುನಿಂತ ವೆನಿಯರಿನ ಕೆಳಗೆ ಸಿರಿಂಜಿನಿಂದ ಬಿಳಿ ಅಂಟು ಇಳಿಸಿದೆ. ಹಳೆಯ ಮರವಜ್ರದ (ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ಮಾಡುವ ಬಡಗಿಯ ಅಂಟು) ಮೇಲೆ ಅದು ಹಿಡಿಯುವುದಿಲ್ಲ. ಮೂರು ತಿಂಗಳಲ್ಲಿ ಮತ್ತೆ ಬಾಯಿಬಿಟ್ಟಿತು, ಗಿರಾಕಿಗೆ ಹಣ ವಾಪಸು ಕೊಟ್ಟೆ.

ಈ ಸಲ ಹಳೆಯ ಮರವಜ್ರವನ್ನೇ ಬಿಸಿ ಕೊಟ್ಟು ಮತ್ತೆ ಅಂಟುವಂತೆ ಮಾಡಿದೆ. ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಒತ್ತಿ ನೋಡಿದೆ, ಜಿಗುಟಾಯಿತು, ಅಂದರೆ ಅರಗಿನ ಪಾಲಿಶ್. ಅದನ್ನು ಸ್ಪಿರಿಟಿನಲ್ಲೇ ತೊಳೆದು ತೆಗೆದೆ. ಆಮೇಲೆ ಒದ್ದೆ ಬಟ್ಟೆ ಹಾಸಿ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಕಾಯಿಸಿ ಇಟ್ಟೆ. ಅಂಟು ಕರಗುವ ವಾಸನೆ ಬಂದ ಕೂಡಲೇ ತೆಗೆದು, ಕಾಗದ, ಹಲಗೆ, ಅದರ ಮೇಲೆ ಗ್ರಾನೈಟ್ ತುಂಡು. ಪೂರ್ತಿ ತಣ್ಣಗಾಗುವ ತನಕ ಮುಟ್ಟಬಾರದು. ಎರಡು ಕಡೆ ಹಳೆಯ ಅಂಟು ಪುಡಿಯಾಗಿತ್ತು, ಅಲ್ಲಿ ಮಾತ್ರ ಹೊಸ ಮರವಜ್ರ ಇಳಿಸಿದೆ.

ಶಾಯಿ ಬಾಟಲಿ, ಕಬ್ಬಿಣದ ಪೇಪರ್‌ವೇಟ್ ಬಿಟ್ಟುಹೋದ ಕಪ್ಪು ಕಲೆಗಳು ಐದಾರಿದ್ದವು. ಕಬ್ಬಿಣದ ಕಲೆಗಳು ಆಕ್ಸಾಲಿಕ್ ಆಮ್ಲಕ್ಕೆ ಹೋದವು, ಶಾಯಿಯದು ಅರ್ಧ ಉಳಿಯಿತು. ಇಲ್ಲಿ ಒಂದು ತಪ್ಪು ಮಾಡಿದೆ: ಇಸ್ತ್ರಿಯಾದ ಮೇಲೆ ಆಮ್ಲದ ನೀರು ಧಾರಾಳವಾಗಿ ಹಚ್ಚಿದ್ದರಿಂದ ಕೂತಿದ್ದ ಒಂದು ಗೇಣು ವೆನಿಯರ್ ಮತ್ತೆ ಎದ್ದಿತು. ಮೊದಲು ಕಲೆ, ಮರುದಿನ ಇಸ್ತ್ರಿ. ಆ ಕ್ರಮ ಹಿಡಿಯಲು ನನಗೆ ಒಂದು ವಾರ ಹೋಯಿತು.

ತೇಪೆಯ ತುಂಡುಗಳಿಗೆ ಹಳೆಯ ಬಣ್ಣ ಬರಲೆಂದು ವಿನೆಗರಿನಲ್ಲಿ ಕಬ್ಬಿಣದ ನಾರು ನೆನೆಸಿ, ಗಟ್ಟಿ ಚಹಾ ಹಚ್ಚಿದ ಮರದ ಮೇಲೆ ಬಳಿದು ನೋಡಿದೆ. ಹಲಸಿನ ಮೇಲೂ ಹಚ್ಚಿದೆ, ಹೊನ್ನೆಯ ಮೇಲೂ ಹಚ್ಚಿದೆ. ಕಪ್ಪು ಚೆನ್ನಾಗಿ ಬಂತು, ತೇಗದ ಜೇನುಬಣ್ಣ ಮಾತ್ರ ಬರಲಿಲ್ಲ. ಕೊನೆಗೆ ಹೊಂದಿಸಿದ ಬಣ್ಣದ ಪಾಕವನ್ನು ಹತ್ತು ವರ್ಷ ಕಲಸಿ ಕಂಡುಕೊಂಡಿದ್ದೇನೆ, ಅದು ನನ್ನಲ್ಲೇ ಇರಲಿ.

ಪಾಲಿಶನ್ನು ಜನವರಿಗೆ ಕಾದಿಟ್ಟೆ. ಆಗಸ್ಟಿನ ತೇವದಲ್ಲಿ ಅರಗು ಹಚ್ಚಿ ಬಿಳಿ ಮಂಜು ಕೂರಿಸಿಕೊಂಡವನು ನಾನು. ಲೀಟರ್ ಸ್ಪಿರಿಟಿಗೆ ನೂರೈವತ್ತು ಗ್ರಾಂ ಅರಗಿನ ಚಕ್ಕೆ, ಹಳೆಯ ಪಂಚೆಯಲ್ಲಿ ಸುತ್ತಿದ ಹತ್ತಿಯುಂಡೆ, ಹದಿನಾಲ್ಕು ದಿನ.

ಒಟ್ಟು ಖರ್ಚು ಇಪ್ಪತ್ಮೂರು ಸಾವಿರದ ಆಸುಪಾಸು, ನನ್ನ ಕೂಲಿ ಬಿಟ್ಟು. ಒಬ್ಬ ಗಿರಾಕಿ ‘ಇದು ಚಂಡೀಗಢದ್ದು ಎಂದು ಬರೆದುಕೊಡಿ, ಎರಡರಷ್ಟು ಕೊಡುತ್ತೇನೆ’ ಎಂದರು. ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನ್ನರೆ ವಿನ್ಯಾಸದ ಕಚೇರಿ ಪೀಠೋಪಕರಣ ಅಲ್ಲಿ ಗುಜರಿ ಬೆಲೆಗೆ ಹೋಗಿ, ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾಗಿ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ತಡೆಯಲು ಮುಂದಾಗಬೇಕಾಯಿತು. ಆ ಹೆಸರು ಇದರದ್ದಲ್ಲ. ಇದನ್ನು ಮಾಡಿದ ಬಡಗಿಯ ಪೆನ್ಸಿಲ್ ಗುರುತು ಡ್ರಾಯರಿನ ಹಿಂದೆ ಇನ್ನೂ ಇದೆ, ನಾನದನ್ನು ಅಳಿಸಲಿಲ್ಲ. ಅರವತ್ತೆರಡು ಸಾವಿರಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಬ್ಬ ವಕೀಲರಿಗೆ ಮಾರಿದೆ.

ಎರಡು ಮಳೆಗಾಲ ಕಳೆದವು. ಮೊನ್ನೆ ಹೋಗಿ ಹಲಗೆಯುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಎಲ್ಲೂ ಟೊಳ್ಳು ಸದ್ದಿಲ್ಲ. ಪಿಯು ಹೊಡೆಯಿರಿ ಎಂದಿದ್ದ ಮೇಸ್ತ್ರಿಗಳಲ್ಲಿ ಒಬ್ಬರು ಕಳೆದ ವಾರ ತಮ್ಮ ಮಾವನ ಮೇಜನ್ನು ನನ್ನ ಶೆಡ್ಡಿಗೆ ತಂದು ಇಳಿಸಿದ್ದಾರೆ.