ಕೋಲಾರದಲ್ಲಿ ಒಂದು ಕ್ಯಾಬರೆ ಕಟ್ಟುವ ಕ್ರಮ

ಕ್ಯಾಬರೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವುದು ಎಪ್ಪತ್ತರ ದಶಕದ ಸಿನಿಮಾಗಳಲ್ಲಿ ಖಳನಾಯಕನ ಅಡ್ಡೆಯಲ್ಲಿ ನಡೆಯುತ್ತಿದ್ದ ಕುಣಿತ. ಆ ಅರ್ಥವನ್ನು ಮೊದಲು ಬದಿಗಿಡಬೇಕು. ಚಿಕ್ಕದೊಂದು ಕೋಣೆ, ತೀರ ಹತ್ತಿರದಲ್ಲಿ ಕುಳಿತ ನೋಡುಗರು, ಒಬ್ಬರೇ ಹಾಡುಗಾರರು, ಹಾಡುಗಳ ನಡುವೆ ನೋಡುಗರ ಕಣ್ಣಲ್ಲಿ ಕಣ್ಣಿಟ್ಟು ಆಡುವ ಮಾತು: ನಾನು ಇಲ್ಲಿ ಕ್ಯಾಬರೆ ಎನ್ನುತ್ತಿರುವುದು ಇದನ್ನು. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿ, ಗಂಡು ಹೆಣ್ಣೆಂಬ ಎರಡು ಗೆರೆಗಳಾಚೆ ಬದುಕಿದ ಕ್ವೀರ್ ಕಲಾವಿದರು ಈ ಪ್ರಕಾರವನ್ನು ಮೈಬಣ್ಣ ಮತ್ತು ಲಿಂಗ ಎರಡರ ಕಟ್ಟುಪಾಡನ್ನೂ ಒಟ್ಟಿಗೆ ಪ್ರಶ್ನಿಸುವ ವೇದಿಕೆಯನ್ನಾಗಿ ಮಾಡಿಕೊಂಡರು. ಅವರ ಕಸುಬಿನಿಂದ ಕಲಿತು, ಜಾತಿ ಮತ್ತು ಲಿಂಗತ್ವವನ್ನು ಕುರಿತ ಮುಕ್ಕಾಲು ಗಂಟೆಯ ಪ್ರದರ್ಶನವೊಂದನ್ನು ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಕಟ್ಟಬೇಕೆನ್ನುವವರಿಗಾಗಿ ಈ ಬರಹ.

ಇದು ನಮ್ಮ ಜನಕ್ಕೆ ಅಪರಿಚಿತವಾದ ರೂಪವೇನೂ ಅಲ್ಲ. ಹರಿಕಥೆಯ ದಾಸರು ಹಾಡುತ್ತಾ ನಡುವೆ ನಿಲ್ಲಿಸಿ, ಎದುರು ಕುಳಿತವರನ್ನೇ ಛೇಡಿಸಿ, ಉಪಕಥೆಯೊಂದನ್ನು ಹೇಳಿ, ಜನ ನಗುತ್ತಿರುವಾಗಲೇ ಮತ್ತೆ ಹಾಡಿಗೆ ಮರಳುತ್ತಾರೆ. ಕ್ಯಾಬರೆಯ ಅಸ್ಥಿಪಂಜರವೂ ಇದೇ. ಆದ್ದರಿಂದ ನೋಡುಗರಿಗೆ ರೂಪವನ್ನು ವಿವರಿಸುವ ಮುನ್ನುಡಿ ಬೇಕಿಲ್ಲ. ನೇರವಾಗಿ ಹಾಡಿನಿಂದ ಆರಂಭಿಸಿದರೆ ಅವರು ತಾವಾಗಿಯೇ ಹಿಂಬಾಲಿಸುತ್ತಾರೆ.

ಬರೆಯಲು ಕೂರುವ ಮೊದಲು ಒಂದು ವಾರವನ್ನಾದರೂ ಹಿಂದಿನವರನ್ನು ಅರಿಯಲು ಮೀಸಲಿಡಬೇಕು, ಏಕೆಂದರೆ ಅವರು ಬಗೆಹರಿಸಿಕೊಂಡ ಸಮಸ್ಯೆಗಳೇ ನಮಗೂ ಎದುರಾಗುತ್ತವೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್ಬಿನಲ್ಲಿ ಕುಣಿಯುವವರು, ಹಾಡುವವರು, ವಾದ್ಯ ನುಡಿಸುವವರು ಕಪ್ಪು ಜನ. ಹಣ ಕೊಟ್ಟು ಕುಳಿತು ನೋಡುವವರು ಬಿಳಿಯರು. ಅದೇ 1920ರ ದಶಕದಲ್ಲಿ, ಅದೇ ಹಾರ್ಲೆಮ್‌ನ 133ನೇ ಬೀದಿಯ ಕ್ಲಾಮ್ ಹೌಸ್ ಎಂಬ ಇಕ್ಕಟ್ಟಾದ ಜಾಗದಲ್ಲಿ ಗ್ಲಾಡಿಸ್ ಬೆಂಟ್ಲಿ ಎಂಬ ಕಪ್ಪು ಮಹಿಳೆ ಬಿಳಿಯ ಟಕ್ಸಿಡೋ ಸೂಟು ತೊಟ್ಟು, ತಲೆಗೆ ಎತ್ತರದ ಹ್ಯಾಟು ಇಟ್ಟು, ಪಿಯಾನೋ ಮುಂದೆ ಕುಳಿತು ಜನಪ್ರಿಯ ಹಾಡುಗಳಿಗೆ ತನ್ನದೇ ಪೋಲಿ ಸಾಲುಗಳನ್ನು ಸೇರಿಸಿ ಹಾಡುತ್ತಿದ್ದರು. ಎದುರಿನ ಹೆಂಗಸರನ್ನು ಎಲ್ಲರ ಮುಂದೆಯೇ ರಮಿಸುತ್ತಿದ್ದರು. ಕಾಟನ್ ಕ್ಲಬ್ಬಿನಲ್ಲಿ ನೋಟದ ಅಧಿಕಾರ ಪೂರ್ತಿಯಾಗಿ ನೋಡುಗನದಾಗಿದ್ದರೆ, ಬೆಂಟ್ಲಿಯ ಎದುರು ಕುಳಿತವನಿಗೆ ತನ್ನ ಸರದಿ ಯಾವಾಗ ಬರುತ್ತದೋ ಎಂಬ ಅಳುಕು ಇರುತ್ತಿತ್ತು. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು ಬುಡಮೇಲು ಮಾಡುವುದೇ ಈ ಕಸುಬಿನ ತಿರುಳು ಎಂಬುದು ನನ್ನ ಅಭಿಪ್ರಾಯ. ಹಾಡು, ವೇಷ, ಬೆಳಕುಗಳೆಲ್ಲ ಆ ಕೆಲಸಕ್ಕೆ ಬೇಕಾದ ಹತ್ಯಾರಗಳು.

ಇನ್ನೊಂದು ಉದಾಹರಣೆಯನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಜ್ಯುಯೆಲ್ ಬಾಕ್ಸ್ ರೆವ್ಯೂ ಎಂಬ ಸಂಚಾರಿ ತಂಡದಲ್ಲಿ ಕಪ್ಪು, ಬಿಳಿ ಕಲಾವಿದರು ಒಟ್ಟಿಗೆ ಇದ್ದರು. ‘ಇಪ್ಪತ್ತೈದು ಗಂಡಸರು ಮತ್ತು ಒಬ್ಬ ಹುಡುಗಿ’ ಎಂಬುದು ಅದರ ಪ್ರಚಾರದ ಸಾಲು. ಸೀರೆಯಷ್ಟೇ ಬೆಡಗಿನ ಗೌನುಗಳನ್ನು ತೊಟ್ಟ ಅಷ್ಟೂ ಮಂದಿಯಲ್ಲಿ ಆ ಹುಡುಗಿ ಯಾರೆಂದು ಜನ ರಾತ್ರಿಯೆಲ್ಲ ಹುಡುಕುತ್ತಿದ್ದರು. ಕೊನೆಗೆ ತಿಳಿಯುತ್ತಿದ್ದದ್ದು, ಸೂಟು ಹಾಕಿಕೊಂಡು ಕಾರ್ಯಕ್ರಮ ನಿರೂಪಿಸುತ್ತಿದ್ದ ಗಂಡಸೇ ಆಕೆ ಎಂದು. 1955ರಿಂದ 1969ರವರೆಗೆ ಆ ನಿರೂಪಕರಾಗಿದ್ದವರು ಸ್ಟಾರ್ಮೆ ಡಿಲಾರ್ವರಿ. ತಾಯಿ ಕಪ್ಪು, ತಂದೆ ಬಿಳಿ. ನೋಡುಗರು ತಪ್ಪು ಕಡೆ ಕಣ್ಣಿಟ್ಟು ಕೂರುವಂತೆ ಮಾಡಿ, ಅವರ ತಪ್ಪನ್ನು ಅವರೇ ಕಂಡುಕೊಳ್ಳಲು ಬಿಡುವ ಈ ಹೆಣಿಗೆಯನ್ನು ಜಾತಿಯ ವಿಷಯಕ್ಕೂ ತರಬಹುದು. ಮಾತಿನ ಧಾಟಿ, ಹೆಸರು, ಉಡುಪುಗಳಿಂದ ಜಾತಿಯನ್ನು ಊಹಿಸುವ ಚಟ ನಮ್ಮಲ್ಲಿ ಯಾರಿಗಿಲ್ಲ?

ಅಲ್ಲಿಂದ ಏನನ್ನು ತರಬಾರದು ಎಂಬುದೂ ಅಷ್ಟೇ ಮುಖ್ಯ. ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಅಮೆರಿಕದಲ್ಲಿ 1830ರ ಸುಮಾರಿನಿಂದ ದಶಕಗಟ್ಟಲೆ ನಡೆದವು. ಜಿಮ್ ಕ್ರೋ ಎಂಬ ಅಂಥದೊಂದು ಪಾತ್ರದ ಹೆಸರೇ ಮುಂದೆ ಅಲ್ಲಿನ ಪ್ರತ್ಯೇಕತೆಯ ಕಾನೂನುಗಳ ಹೆಸರಾಯಿತು. ಬೆಂಟ್ಲಿಯ ಪಾತ್ರ ಮಾಡುತ್ತೇವೆಂದು ಗುಂಗುರು ಕೂದಲಿನ ಟೋಪನ್ ತಂದು, ಮುಖಕ್ಕೆ ಮಸಿ ಹಚ್ಚುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ನಮ್ಮ ನಾಟಕಗಳಲ್ಲಿ ರಾಕ್ಷಸನಿಗೆ, ಸಿನಿಮಾಗಳಲ್ಲಿ ಹಾಸ್ಯದ ಪಾತ್ರಕ್ಕೆ ಕಪ್ಪು ಬಳಿಯುವ ರೂಢಿ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಅವರ ಕಥೆಯನ್ನು ಹೇಳಬೇಕೆನಿಸಿದರೆ ಅವರ ಹೆಸರು ಹೇಳಿ, ನಮ್ಮ ಮುಖದಲ್ಲಿಯೇ ನಿಂತು ಹೇಳಬಹುದು.

ಜನಾಂಗಭೇದ ಕೋಲಾರಕ್ಕೆ ದೂರದ ಸುದ್ದಿಯೂ ಅಲ್ಲ. ಜಾನ್ ಟೇಲರ್ ಕಂಪನಿ 1880ರಿಂದ ನಡೆಸಿದ ಚಿನ್ನದ ಗಣಿಗಳಲ್ಲಿ ಯುರೋಪಿಯನ್ನರಿಗೆ ಬಂಗಲೆ ಮತ್ತು ಕ್ಲಬ್ಬು, ಅವರ ಕೆಳಗೆ ಆಂಗ್ಲೋ ಇಂಡಿಯನ್ನರು, ಎಲ್ಲರ ಕೆಳಗೆ, ನೆಲದಡಿಯಲ್ಲಿ ಬಂಡೆ ಒಡೆಯುತ್ತಿದ್ದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರಿಗೆ ಸಾಲುಮನೆಗಳ ಕೂಲಿ ಲೈನುಗಳು ಎಂಬ ಏರ್ಪಾಡಿತ್ತು. ಗಣಿ ಮುಚ್ಚಿದ್ದು 2001ರಲ್ಲಿ. ಮೈಬಣ್ಣ ಮತ್ತು ಜಾತಿ ಒಂದೇ ಊರಿನಲ್ಲಿ ಒಂದರ ಮೇಲೊಂದು ಕುಳಿತಿದ್ದ ಈ ಕಥೆ ಮನೆಯ ಬಾಗಿಲಲ್ಲೇ ಇರುವಾಗ ವಸ್ತುವಿಗಾಗಿ ಹಾರ್ಲೆಮ್‌ಗೆ ಹೋಗಬೇಕಿಲ್ಲ. ಲೈನುಗಳಲ್ಲಿ ಬೆಳೆದ ಹಿರಿಯರೊಬ್ಬರನ್ನು ಕಂಡು, ಎರಡು ಮಧ್ಯಾಹ್ನ ಕೂತು ಕೇಳಿದರೆ ಒಂದು ಪ್ರದರ್ಶನಕ್ಕೆ ಬೇಕಾದಷ್ಟು ದೊರೆಯುತ್ತದೆ.

ವೇಷದ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಟಕ್ಸಿಡೋ ಎಂಬುದು ಆ ದೇಶದ ಸಿರಿವಂತ ಬಿಳಿ ಗಂಡಸಿನ ರಾತ್ರಿಯುಡುಗೆ. ಬೆಂಟ್ಲಿ ತೊಟ್ಟಿದ್ದು ಬರೀ ಗಂಡಸಿನ ಬಟ್ಟೆಯನ್ನಲ್ಲ, ಒಡೆಯನ ಬಟ್ಟೆಯನ್ನು. ಕೋಲಾರದ ಹುಡುಗಿಯೊಬ್ಬಳು ಅದೇ ಸೂಟನ್ನು ಬಾಡಿಗೆಗೆ ತಂದು ಹಾಕಿಕೊಂಡರೆ ಮದುವೆಯ ಆರತಕ್ಷತೆಯ ವರನಂತೆ ಕಾಣುತ್ತಾಳೆಯೇ ಹೊರತು ಯಾರಿಗೂ ಚುಚ್ಚುವುದಿಲ್ಲ. ಇಲ್ಲಿ ಒಡೆತನದ ಬಟ್ಟೆ ಯಾವುದು? ಇಸ್ತ್ರಿ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಶಲ್ಯ, ನ್ಯಾಯ ಹೇಳಲು ಕಟ್ಟೆಯ ಮೇಲೆ ಕೂರುವವನ ಠೀವಿ. ದಲಿತ ಕೇರಿಯಿಂದ ಬಂದ ಹೆಣ್ಣೊಬ್ಬಳು ಆ ಬಟ್ಟೆಯಲ್ಲಿ ಬಂದು, ಕಾಲ ಮೇಲೆ ಕಾಲು ಹಾಕಿ ಕುಳಿತು, ಒಂದು ಮಾತನ್ನೂ ಆಡದೆ ಮೂವತ್ತು ಸೆಕೆಂಡು ಸಭೆಯನ್ನು ದಿಟ್ಟಿಸಿದರೆ ಅರ್ಧ ಕೆಲಸ ಮುಗಿದಂತೆ. ಗಂಡು ಕಲಾವಿದರು ಸೀರೆ ಉಡುವುದಾದರೆ ಎಚ್ಚರ ಬೇರೆ ಬಗೆಯದು. ಗುಬ್ಬಿ ಕಂಪನಿಯ ಆರಂಭದ ಕಾಲದ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು; ನಮ್ಮ ಊರುಗಳ ಕರಗದಲ್ಲಿ ಕರಗ ಹೊರುವ ಪೂಜಾರಿ ಹೆಣ್ಣುಡುಗೆಯಲ್ಲಿ ಬಂದಾಗ ಜನ ಕೈಮುಗಿಯುತ್ತಾರೆ. ಸೀರೆಯುಟ್ಟ ಗಂಡು ದೇಹಕ್ಕೆ ಇಲ್ಲಿ ಭಕ್ತಿಯೂ ಇದೆ, ಬಸ್ ನಿಲ್ದಾಣದಲ್ಲಿ ಸಿಗುವ ಗೇಲಿಯೂ ಇದೆ. ಒಂದೇ ಊರು ಎರಡನ್ನೂ ಹೇಗೆ ನಿಭಾಯಿಸುತ್ತದೆ ಎಂಬ ಪ್ರಶ್ನೆಯನ್ನು ಕಲಾವಿದರು ನಗುನಗುತ್ತಲೇ ಕೇಳಬಹುದು. ಕರಗವನ್ನೇ ಅನುಕರಿಸಿ ತೋರಿಸುವುದು ಬೇಡ. ಅದು ಒಂದು ಸಮುದಾಯದ ವ್ರತ.

ಮುಕ್ಕಾಲು ಗಂಟೆಗೆ ಆರು ಹಾಡುಗಳು ಸಾಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಮಟ್ಟಿನಲ್ಲಿರಲಿ, ಸಾಲುಗಳು ಮಾತ್ರ ಹೊಸವು. ಎರಡನೆಯದು ನಗಿಸಲಿ. ನೋವಿನ ಹಾಡನ್ನು ನಾಲ್ಕನೆಯದಕ್ಕೆ ಮೊದಲು ತರಬಾರದು. ಜನ ಇನ್ನೂ ಕಾಲು ಚಾಚಿ ಕುಳಿತಿರದಾಗ ಅಳಿಸಲು ಹೊರಟರೆ ಅವರು ಸಭ್ಯವಾಗಿ ಚಪ್ಪಾಳೆ ತಟ್ಟಿ ತಪ್ಪಿಸಿಕೊಳ್ಳುತ್ತಾರೆ. ನಡುವಿನ ಮಾತನ್ನು ಬಾಯಿಪಾಠ ಮಾಡಿರಬೇಕು, ಆದರೆ ಆಗಲೇ ಹೊಳೆದಂತೆ ಕೇಳಿಸಬೇಕು. ಇದು ಕಷ್ಟದ ಕೆಲಸ, ಇಪ್ಪತ್ತು ಸಲವಾದರೂ ಮನೆಯವರಲ್ಲದ ಯಾರೊಬ್ಬರ ಮುಂದಾದರೂ ಹೇಳಿ ನೋಡದೆ ಸಿದ್ಧಿಸುವುದಿಲ್ಲ. ಭಾಷೆಯ ವಿಷಯದಲ್ಲಿ ಮಡಿ ಬೇಡ. ಈ ಸೀಮೆಯ ಮನೆಗಳಲ್ಲಿ ತೆಲುಗು ಆಡಿ ಬೀದಿಯಲ್ಲಿ ಕನ್ನಡ ಆಡುವವರೇ ಹೆಚ್ಚು. ಕೈವಾರದ ತಾತಯ್ಯನವರು ತತ್ವಪದಗಳನ್ನು ಎರಡೂ ಭಾಷೆಗಳಲ್ಲಿ ಹಾಡಿದ್ದಾರೆ. ಗುಟ್ಟಿನ ಮಾತನ್ನು ಮನೆಯ ಭಾಷೆಯಲ್ಲಿ, ಸವಾಲಿನ ಮಾತನ್ನು ಬೀದಿಯ ಭಾಷೆಯಲ್ಲಿ ಹೇಳಿದಾಗ ಆಗುವ ಪರಿಣಾಮವೇ ಬೇರೆ.

ಪಿಯಾನೋ ಸಿಗುವುದಿಲ್ಲವೆಂದು ಕೀಬೋರ್ಡ್ ತರುವವರಿದ್ದಾರೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಅದಕ್ಕಿಂತ ಎಷ್ಟೋ ಮೇಲು: ಗಾಳಿಯನ್ನು ಕಾಲಿನಿಂದ ಒತ್ತುವುದರಿಂದ ಎರಡೂ ಕೈ ಬಿಡುವಾಗಿರುತ್ತವೆ, ನುಡಿಸುವವರು ಹಾಡುವವರ ಮುಖ ನೋಡುತ್ತಲೇ ಮಾತಿಗೆ ತಕ್ಕಂತೆ ತುಣುಕು ನುಡಿಸಬಹುದು. ತಮಟೆ ಇಡುವುದಾದರೆ ಮುಚ್ಚಿದ ಕೋಣೆಯಲ್ಲಿ ಒಂದೇ ಸಾಕು, ಅದೂ ಒಂದೇ ಹಾಡಿಗೆ. ತೊಗಲು ಬಿಗಿಯಾಗಲು ಕಾಯಿಸಬೇಕಾದ್ದರಿಂದ ಹೊರಗೆ ಬೆಂಕಿ ಹಾಕಲು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕೋಲಾರದ ಟಿ. ಚನ್ನಯ್ಯ ರಂಗಮಂದಿರ, ತುಮಕೂರಿನ ಗುಬ್ಬಿ ವೀರಣ್ಣ ರಂಗಮಂದಿರಗಳು ನಾಟಕಕ್ಕೆ ಒಳ್ಳೆಯವು. ಈ ಪ್ರಕಾರಕ್ಕೆ ದೊಡ್ಡವಾಗುತ್ತವೆ. ಅಲ್ಲಿಯೇ ಮಾಡಬೇಕಾಗಿ ಬಂದರೆ ಕುರ್ಚಿಗಳನ್ನು ಬಿಟ್ಟು, ನೋಡುಗರನ್ನು ರಂಗದ ಮೇಲೆಯೇ ಮೂರು ಬದಿಗೆ ಜಮಖಾನೆ ಹಾಸಿ ಕೂರಿಸಬಹುದು. ಅರವತ್ತು ಜನ ಹಿಡಿಸಿದರೆ ಹೆಚ್ಚು. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿ ಬಯಲಲ್ಲಿ ನಡೆಯುವ ಹಾಡು, ನಾಟಕಗಳನ್ನು ಕಂಡವರಿಗೆ ನೋಡುಗರು ನೆಲದ ಮೇಲೆ ಹತ್ತಿರ ಕುಳಿತಾಗ ಕಲಾವಿದರ ದನಿ ಹೇಗೆ ಬದಲಾಗುತ್ತದೆ ಎಂಬುದು ಗೊತ್ತಿರುತ್ತದೆ. ಬೆಳಕಿನ ಪಾಠಕ್ಕೆ ಕಪ್ಪು ಜಾಸ್ ಗಾಯಕಿ ಬಿಲ್ಲಿ ಹಾಲಿಡೇ ಒಬ್ಬರೇ ಸಾಕು. 1939ರಲ್ಲಿ, ಕಪ್ಪು ಬಿಳಿಯರು ಒಟ್ಟಿಗೆ ಕುಳಿತು ನೋಡಬಹುದಾಗಿದ್ದ ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ, ಗುಂಪುಕಟ್ಟಿ ಕೊಂದು ಮರಕ್ಕೆ ನೇತುಹಾಕಿದ ಕಪ್ಪು ದೇಹಗಳ ಕುರಿತ ಹಾಡನ್ನು ಅವರು ಕೊನೆಯದಾಗಿ ಹಾಡುತ್ತಿದ್ದರು. ಅದಕ್ಕೆ ಮುಂಚೆ ಮಾಣಿಗಳು ಬಡಿಸುವುದನ್ನು ನಿಲ್ಲಿಸುತ್ತಿದ್ದರು, ದೀಪಗಳು ಆರುತ್ತಿದ್ದವು, ಅವರ ಮುಖದ ಮೇಲೆ ಮಾತ್ರ ಒಂದು ಬೆಳಕು. ಹಾಡು ಮುಗಿದೊಡನೆ ಅದೂ ಆರುತ್ತಿತ್ತು. ಚಪ್ಪಾಳೆಗೆ ತಲೆಬಾಗಲು ಅವರು ಮರಳಿ ಬರುತ್ತಿರಲಿಲ್ಲ. ನಿಮ್ಮ ನೋವಿನ ಹಾಡಿಗೂ ಒಂದೇ ಸ್ಪಾಟ್ ಲೈಟ್ ಇರಲಿ. ಬಣ್ಣದ ದೀಪಗಳನ್ನು ಆರ್ಕೆಸ್ಟ್ರಾದವರಿಗೆ ಬಿಟ್ಟುಕೊಡಿ.

ನೋಡುಗರನ್ನು ಆಟದೊಳಗೆ ಎಳೆದುಕೊಳ್ಳುವಾಗ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿಯನ್ನು ಅನುಭವಕ್ಕೆ ತರಬೇಕೆಂದು ಬಾಗಿಲಲ್ಲಿ ಕೆಲವರಿಗೆ ಸ್ಟೀಲ್ ಲೋಟದಲ್ಲಿ, ಕೆಲವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಡಿಸಿದ್ದೆ. ಯಾರಿಗೆ ಯಾವುದು ಎಂಬುದಕ್ಕೆ ಲೆಕ್ಕವಿರಲಿಲ್ಲ. ಪ್ಲಾಸ್ಟಿಕ್ ಲೋಟ ಸಿಕ್ಕ ಅಜ್ಜಿಯೊಬ್ಬರು ಅದನ್ನು ಕುಡಿಯದೆ ಕಂಬದ ಬಳಿ ಇಟ್ಟು, ಕೊನೆಯವರೆಗೆ ಯಾರೊಂದಿಗೂ ಮಾತಾಡದೆ ಎದ್ದು ಹೋದರು. ಬದುಕಿಡೀ ಅದನ್ನು ಉಂಡವರಿಗೆ ನಾನು ಟಿಕೆಟ್ ಕೊಟ್ಟು ಮತ್ತೆ ಉಣಿಸಿದ್ದೆ. ಅಂದಿನಿಂದ ಬೇರೆ ಲೋಟವನ್ನು ರಂಗದ ಮೇಲೆ ಕಲಾವಿದರೇ ಎತ್ತಿಕೊಳ್ಳುತ್ತಾರೆ, ಸ್ಟೀಲ್ ಲೋಟ ಎಲ್ಲರಿಗೂ. ಛೇಡಿಸುವುದಾದರೆ ಶಲ್ಯ ಹೊದ್ದು ಮುಂದಿನ ಸಾಲಿನಲ್ಲಿ ಕುಳಿತವರನ್ನು ಛೇಡಿಸಿ. ಹಿಂದೆ ಮುದುರಿ ಕುಳಿತವರ ಕಡೆ ಬೆರಳು ಹೋಗಬಾರದು.

ಜಾತಿಯ ಬೈಗುಳ ಸ್ಕ್ರಿಪ್ಟಿನಲ್ಲಿ ಬರುವುದಾದರೆ ಅದನ್ನು ಯಾರು ಆಡುತ್ತಾರೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಪರಿಶಿಷ್ಟರಲ್ಲದವರು ಪರಿಶಿಷ್ಟರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾನೂನನ್ನು ಬದಿಗಿಟ್ಟರೂ ಆ ಪದವನ್ನು ತಿರುಗಿಸಿ ಎಸೆಯುವ ಹಕ್ಕು ಅದರ ಏಟು ತಿಂದವರದು. ಮಂಗಳಮುಖಿ, ಹಿಜ್ಡಾ, ಕೋಥಿ (ಹೆಣ್ಣಿನ ನಡೆನುಡಿಯ ಗಂಡಸರು) ಎಂಬ ಪದಗಳಿಗೂ ಇದೇ ಅಳತೆ: ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬಳಸಬೇಕು.

ಅನುಮತಿಯ ಅರ್ಜಿಯಲ್ಲಿ ಕ್ಯಾಬರೆ ಎಂದು ಬರೆಯಬೇಡಿ. ಠಾಣೆಯಲ್ಲಿ ಆ ಪದಕ್ಕೆ ಬಾರ್ ಕುಣಿತವೆಂಬ ಒಂದೇ ಅರ್ಥ. ‘ಏಕವ್ಯಕ್ತಿ ಗಾಯನ ಮತ್ತು ರಂಗಪ್ರಯೋಗ’ ಎಂದರೆ ಸುಳ್ಳೂ ಆಗುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನ್ಯೂಯಾರ್ಕಿನಲ್ಲಿಯೂ 1940ರಿಂದ 1967ರವರೆಗೆ ಇಂಥ ಜಾಗಗಳಲ್ಲಿ ಹಾಡಲು ಪೊಲೀಸರ ಕ್ಯಾಬರೆ ಕಾರ್ಡ್ ಬೇಕಿತ್ತು, ಹಾಲಿಡೇ ಅದನ್ನು ಕಳೆದುಕೊಂಡು ಅಲ್ಲಿನ ಕ್ಲಬ್ಬುಗಳಿಂದ ದೂರವಾದರು. ಬಯಲಿನಲ್ಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ್ದರಿಂದ ಏಳಕ್ಕೇ ಆರಂಭಿಸುವುದು ಲೇಸು. ಲಿಂಗತ್ವ ಗುರುತಿಸುವಿಕೆಯ ಕುರಿತ 2014ರ ಮತ್ತು ಸಲಿಂಗ ಪ್ರೇಮ ಅಪರಾಧವಲ್ಲವೆಂದ 2018ರ ಸುಪ್ರೀಂ ಕೋರ್ಟ್ ತೀರ್ಪುಗಳ ಸಾರಾಂಶವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಆಯೋಜಕರ ಕೈಯಲ್ಲಿ ಇಟ್ಟಿರಬೇಕು.

ಕಲಾವಿದರು ತಮ್ಮ ಬಗ್ಗೆ ಎಷ್ಟು ಹೇಳಬೇಕೆಂಬುದು ಅವರ ತೀರ್ಮಾನ. ತಾಲೀಮಿನಲ್ಲಿ ಅತ್ತು ಹೇಳಿದ್ದನ್ನೆಲ್ಲ ರಂಗದ ಮೇಲೆ ತರುವಂತೆ ನಿರ್ದೇಶಕರು ಒತ್ತಾಯಿಸಬಾರದು. ಅಷ್ಟು ಧೈರ್ಯದಿಂದ ಮೆರೆದ ಬೆಂಟ್ಲಿಯೇ, ಕಾಲ ಬಿಗಿಯಾದಾಗ, 1952ರಲ್ಲಿ ಎಬೊನಿ ಪತ್ರಿಕೆಯಲ್ಲಿ ತಾನು ಈಗ ಮರಳಿ ಹೆಣ್ಣಾಗಿದ್ದೇನೆ ಎಂದು ಬರೆಯಬೇಕಾಯಿತು. ನಮ್ಮದು ಚಿಕ್ಕ ಊರು. ಸಭೆಯಲ್ಲಿ ಕುಳಿತವರು ನಾಳೆ ಮನೆ ಬಾಡಿಗೆಗೆ ಕೊಡಬೇಕಾದವರು, ಅಂಗಡಿಯಲ್ಲಿ ಕೆಲಸ ಕೊಟ್ಟವರು. ಬಾಗಿಲಲ್ಲೇ ಫೋನುಗಳನ್ನು ಪಡೆದು ಚೀಟಿ ಕಟ್ಟಿ ಇಡಬೇಕು, ಪೋಸ್ಟರಿನಲ್ಲಿ ಮುಖ ಬೇಡವೆಂದವರ ಮುಖ ಹಾಕಬಾರದು, ಬೇರೊಬ್ಬರ ಬದುಕಿನ ಘಟನೆಯನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯದೆ ಬಳಸಬಾರದು.

ಪ್ರದರ್ಶನದ ದಿನ ಇಬ್ಬರನ್ನು ಬಾಗಿಲ ಬಳಿ ನಿಲ್ಲಿಸಿ. ಕೂಗು ಹಾಕುವವರಿಗೆ ಮೊದಲ ಸಲ ಕಲಾವಿದರೇ ಉತ್ತರಿಸಲಿ, ಅದು ಈ ಕಸುಬಿನ ಭಾಗ. ಎರಡನೆಯ ಸಲ ಬಾಗಿಲ ಬಳಿ ಇರುವವರು ಹೋಗಿ ಮಾತಾಡಲಿ. ಮುಗಿದ ಮೇಲೆ ಸಂವಾದ ಇಡುವುದಾದರೆ ಕಲಾವಿದರು ವೇಷ ಕಳಚಿ, ನೀರು ಕುಡಿದು ಬರಲು ಕಾಲು ಗಂಟೆ ಕೊಡಬೇಕು. ತಟ್ಟೆ ಹಿಡಿದು ಹಣ ಎತ್ತುವಾಗ ಸ್ಟೀಲ್ ತಟ್ಟೆಯೇ ಇರಲಿ, ನಾಣ್ಯ ಬಿದ್ದ ಸದ್ದು ಪಕ್ಕದವರಿಗೂ ನೆನಪಿಸುತ್ತದೆ. ಬಂದ ಹಣದಲ್ಲಿ ಮೊದಲು ಹಾರ್ಮೋನಿಯಂ ಮತ್ತು ತಮಟೆಯವರ ಪಾಲು ಕೊಟ್ಟು, ಕಲಾವಿದರನ್ನು ವೇಷದ ಪೆಟ್ಟಿಗೆಯ ಸಮೇತ ಮನೆಯ ಬಾಗಿಲವರೆಗೆ ಬಿಟ್ಟು ಬರಲು ಆಟೋ ಗೊತ್ತುಮಾಡಿ, ಉಳಿದ ಲೆಕ್ಕವನ್ನು ಮರುದಿನ ನೋಡಿಕೊಳ್ಳಬಹುದು.